ನಮ್ಮ ಕಡೆಯವರು ಯಾವ ಪಕ್ಷದವರು?



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರದ ಊರಿನಿಂದ ದೂರವಾಣಿ ಮಾಡಿದ್ದ. ಕುಶಲೋಪರಿ ಮುಗಿದ ಮೇಲೆ, "ಮೇಷ್ಟ್ರೇ, ನಮ್ಮ ಆಫೀಸಿನಲ್ಲಿ ಮಂಡ್ಯದವರೊಬ್ಬರು, ಮಂಗಳೂರಿನವರೊಬ್ಬರು ಇದ್ದಾರೆ. ತಮ್ಮ ಜಿಲ್ಲೆ ಯಾವ ಪಕ್ಷದ ಕಡೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಿಮ್ಮ ಚಿಕ್ಕಬಳ್ಳಾಪುರದವರು ಯಾವ ಪಕ್ಷದವರು ಎಂದು ನನ್ನನ್ನು ಕೇಳಿದರು. ಉತ್ತರವೇ ತೋಚಲಿಲ್ಲ" ಎಂದ. ನಾನು ಆಗ ನಕ್ಕು ಸುಮ್ಮನಾದೆ. ಆದರೆ ರಾತ್ರಿ ಮಲಗಿದ ಮೇಲೂ ಆ ಪ್ರಶ್ನೆ ಬಿಡಲಿಲ್ಲ.

ಅವನ ತೊಡಕು ಸಹಜವೇ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯನ್ನೇ ನೋಡಿ. ಚಿಕ್ಕಬಳ್ಳಾಪುರದಲ್ಲಿ ಕಾಂಗ್ರೆಸ್ಸಿನ ಪ್ರದೀಪ್ ಈಶ್ವರ್ ಗೆದ್ದರು. ಚಿಂತಾಮಣಿಯಲ್ಲಿ ಅದೇ ಪಕ್ಷದ ಡಾ. ಎಂ. ಸಿ. ಸುಧಾಕರ್ ಗೆದ್ದರು. ಶಿಡ್ಲಘಟ್ಟವು ಜಾತ್ಯತೀತ ಜನತಾದಳದ ಬಿ. ಎನ್. ರವಿಕುಮಾರ್ ಅವರನ್ನು ಆರಿಸಿತು. ಗೌರಿಬಿದನೂರು ಯಾವ ಪಕ್ಷವನ್ನೂ ಒಪ್ಪದೆ, ಪಕ್ಷೇತರರಾದ ಕೆ. ಎಚ್. ಪುಟ್ಟಸ್ವಾಮಿಗೌಡರನ್ನು ಕಳುಹಿಸಿತು. ಒಂದೇ ದಿನ, ಒಂದೇ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತ ನೆರೆಹೊರೆಯ ನಾಲ್ಕು ತಾಲ್ಲೂಕುಗಳ ಜನ ಮೂರು ಬಗೆಯ ತೀರ್ಪು ಕೊಟ್ಟರು. ಹೀಗಿರುವಾಗ ಯಾವ ಪಕ್ಷ ಎಂದು ಹೇಳುವುದು?

ನಾನು ರಾಜಕೀಯದವನಲ್ಲ. ಆದರೆ ಗೌರಿಬಿದನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿ, ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ನಿವೃತ್ತನಾದವನು. ಸರ್ಕಾರಿ ಮೇಷ್ಟರಿಗೆ ಚುನಾವಣಾ ಕೆಲಸ ತಪ್ಪಿದ್ದಲ್ಲ. 1972ರಿಂದ 2004ರವರೆಗೆ ಮತಪೆಟ್ಟಿಗೆಯನ್ನೂ ಕೊನೆಕೊನೆಗೆ ಮತಯಂತ್ರವನ್ನೂ ಹೊತ್ತು ನಾನು ಕಂಡ ಹಳ್ಳಿಗಳೆಷ್ಟೋ! ಓದಿದ ಇತಿಹಾಸವನ್ನೂ ಕಂಡದ್ದನ್ನೂ ಜೋಡಿಸಿ ಅವನಿಗೆ ಉತ್ತರ ಬರೆಯುವ ಪ್ರಯತ್ನವಿದು. ನೀವೂ ಓದಿ.

ಹುಟ್ಟೂರಿನಿಂದಲೇ ಆರಂಭಿಸುತ್ತೇನೆ. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದದ್ದು 1881ರಲ್ಲಿ, ರಂಗಾಚಾರ್ಲು ಅವರು ದಿವಾನರಾಗಿದ್ದಾಗ. ದೇಶದಲ್ಲೇ ಅದೊಂದು ಹೆಮ್ಮೆಯ ಹೆಜ್ಜೆ. ಆದರೆ ಅಲ್ಲಿಗೆ ಹೋಗುವವರೂ, ಮುಂದೆ ಚುನಾವಣೆ ಬಂದಾಗ ಅವರನ್ನು ಆರಿಸುವವರೂ ಕಂದಾಯ ಕಟ್ಟುವ ಜಮೀನುದಾರರು, ವರ್ತಕರು, ಓದಿದವರು. ಹೊಲದಲ್ಲಿ ದುಡಿಯುವವನಿಗೆ ಅದರಲ್ಲಿ ಪಾಲಿರಲಿಲ್ಲ. ಎಲ್ಲರಿಗೂ ಮಾತಾಡುವ ಹಕ್ಕು ಬೇಕು, ಜನರಿಗೆ ಹೊಣೆಯಾದ ಸರ್ಕಾರ ಬೇಕು ಎಂಬ ಕೂಗು ಎದ್ದಾಗ ಅದಕ್ಕೆ ಮೊದಲು ರಕ್ತ ತೆತ್ತ ಊರುಗಳಲ್ಲಿ ನಮ್ಮ ವಿದುರಾಶ್ವತ್ಥವೂ ಒಂದು.

1938ರ ಏಪ್ರಿಲ್ ತಿಂಗಳು. ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು ಕೆಲವೇ ದಿನಗಳಾಗಿದ್ದವು. ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ ವರ್ಷದ ಜಾತ್ರೆ. ಸಭೆ ನಡೆಸಬಾರದು, ಧ್ವಜ ಹಾರಿಸಬಾರದು ಎಂಬ ನಿಷೇಧವಿದ್ದರೂ ಏಪ್ರಿಲ್ 25ರಂದು ಜನ ಸೇರಿದರು. ಎನ್. ಸಿ. ನಾಗಯ್ಯರೆಡ್ಡಿಯವರಂತಹ ಮುಂದಾಳುಗಳು ಈ ಭಾಗದ ಚಳವಳಿಯನ್ನು ಕಟ್ಟಿದ್ದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂಬುದು ಸರ್ಕಾರದ ಲೆಕ್ಕ. ಮೂವತ್ತೆರಡು ಎಂಬುದು ಜನರ ಲೆಕ್ಕ. ವಿಚಾರಣೆಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ಬಂತು. ಗಾಂಧೀಜಿಯವರ ಪರವಾಗಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು.

ಆ ಜಾತ್ರೆಗೆ ನಮ್ಮ ತಾತನವರು ಗಾಡಿ ಕಟ್ಟಿಕೊಂಡು ಹೋಗಿದ್ದರಂತೆ. ಚಳವಳಿಗಾಗಿ ಹೋದವರಲ್ಲ, ನಾಗರಕಲ್ಲಿಗೆ ಪೂಜೆ ಮಾಡಿಸಲು ಹೋದವರು. ಗುಂಡಿನ ಸದ್ದಿಗೆ ಜನ ಚೆಲ್ಲಾಪಿಲ್ಲಿಯಾದಾಗ ಗಾಡಿಯನ್ನು ಅಲ್ಲೇ ಬಿಟ್ಟು, ಎತ್ತುಗಳನ್ನು ಮಾತ್ರ ಹೊಡೆದುಕೊಂಡು ಹೊಲದ ಬದುಗಳ ಮೇಲೆ ನಡೆದು ನಡುರಾತ್ರಿ ಮನೆ ಸೇರಿದರಂತೆ. ಈ ಕಥೆಯನ್ನು ನಮ್ಮ ಅಜ್ಜಿ ನೂರು ಸಲ ಹೇಳಿದ್ದಾರೆ. ಅವರ ಪಾಲಿಗೆ ಆ ದಿನ ಗಂಡನನ್ನು ಮನೆಗೆ ತಂದವು ಆ ಜೋಡಿ ಎತ್ತುಗಳೇ.

1947ರ ಅಕ್ಟೋಬರಿನಲ್ಲಿ ಜವಾಬ್ದಾರಿ ಸರ್ಕಾರ ಬಂತು. ನಮ್ಮ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಆಗ ಈ ನಾಲ್ಕು ತಾಲ್ಲೂಕುಗಳೂ ಕೋಲಾರ ಜಿಲ್ಲೆಗೇ ಸೇರಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಬಂದಾಗ ನನಗೆ ಆರು ವರ್ಷ. ಅಜ್ಜಿಯ ಸೆರಗು ಹಿಡಿದು ಮತಗಟ್ಟೆಯ ಬಾಗಿಲವರೆಗೆ ಹೋಗಿದ್ದೆ. ಆಗ ಮತಪತ್ರಕ್ಕೆ ಮುದ್ರೆ ಒತ್ತುವ ಕ್ರಮವಿರಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತು. ಬೇಕಾದ ಪೆಟ್ಟಿಗೆಗೆ ಕಾಗದ ಹಾಕಿ ಬರುವುದು. ಕಾಂಗ್ರೆಸ್ಸಿನ ಗುರುತು ಜೋಡಿ ಎತ್ತು! ಅಜ್ಜಿಯ ಆಯ್ಕೆ ಏನೆಂದು ನಾನು ಹೇಳಬೇಕಾಗಿಲ್ಲ. ಹೊರಗೆ ಬಂದು, "ಎತ್ತುಗಳಿಗೆ ಕೈ ಮುಗಿದು ಬಂದೆ ಕಣೋ" ಎಂದರು.

ಹೀಗೆ ನಮ್ಮ ಕಡೆಯ ಮೊದಲ ಒಲವು ಕಾಂಗ್ರೆಸ್ಸಿನದಾಗಿತ್ತು. ಅದರಲ್ಲಿ ವಿದುರಾಶ್ವತ್ಥದ ಋಣವಿತ್ತು, ಗಾಂಧಿಯ ಹೆಸರಿತ್ತು, ಎತ್ತಿನ ಚಿತ್ರವೂ ಇತ್ತು. ಆದರೆ ಆ ಒಲವು ಬಹುಕಾಲ ಏಕಮುಖವಾಗಿ ಉಳಿಯಲಿಲ್ಲ. ಅದು ಹೇಗೆ ಒಡೆಯಿತೆಂದು ನಾನು ಕಲಿತದ್ದು ಚಿಂತಾಮಣಿಗೆ ವರ್ಗವಾಗಿ ಹೋದ ಮೇಲೆ.

ಚಿಂತಾಮಣಿಯ ಕಡೆ ಹಳ್ಳಿಗೆ ಹೊಸದಾಗಿ ಹೋದ ಮೇಷ್ಟರಿಗೆ ಮೊದಲು ತಿಳಿಯುತ್ತಿದ್ದುದು ಊರಿನಲ್ಲಿ ಎರಡು 'ಪಾರ್ಟಿ' ಇವೆ ಎಂಬುದು. ಈ ಪಾರ್ಟಿ ಎಂದರೆ ಪತ್ರಿಕೆಯಲ್ಲಿ ಓದುವ ರಾಜಕೀಯ ಪಕ್ಷವಲ್ಲ. ಊರಿನ ಎರಡು ದೊಡ್ಡ ಮನೆಗಳು, ಅವುಗಳ ಹಿಂದೆ ನಿಂತ ಸಂಬಂಧಿಕರು, ಗೇಣಿದಾರರು, ಕೂಲಿಯವರು, ಸಾಲ ಪಡೆದವರು. ಒಂದು ಪಾರ್ಟಿಯವರ ಮದುವೆಗೆ ಇನ್ನೊಂದು ಪಾರ್ಟಿಯವರು ಹೋಗುವುದು ಅಪರೂಪ. ಜಾತ್ರೆಯ ತೇರಿಗೆ ಮೊದಲು ಕೈ ಹಾಕುವವರು ಯಾರು ಎಂಬುದರಿಂದ ಹಿಡಿದು ಹಾಲಿನ ಡೇರಿಯ ಅಧ್ಯಕ್ಷರು ಯಾರು ಎಂಬುದರವರೆಗೆ ಎಲ್ಲದರಲ್ಲೂ ಪಾರ್ಟಿ. ಮೇಲಿನ ನಾಯಕ ಪಕ್ಷ ಬದಲಿಸಿದರೆ ಕೆಳಗಿನ ಪಾರ್ಟಿ ಇಡಿಯಾಗಿ ಅವನ ಹಿಂದೆ ಹೊಸ ಪಕ್ಷಕ್ಕೆ ಹೋಗುತ್ತಿತ್ತು. ಬಾವುಟದ ಬಣ್ಣ ಬದಲಾಗುತ್ತಿತ್ತು, ಪಾರ್ಟಿ ಬದಲಾಗುತ್ತಿರಲಿಲ್ಲ.

ತಾಲ್ಲೂಕಿನ ಮಟ್ಟದಲ್ಲೂ ಹಾಗೆಯೇ. ಒಂದು ಕಡೆ ಎಂ. ಸಿ. ಆಂಜನೇಯರೆಡ್ಡಿಯವರ ಮನೆತನ. ಅವರ ಮಗ ಚೌಡರೆಡ್ಡಿಯವರು, ಮೊಮ್ಮಗ ಡಾ. ಸುಧಾಕರ್ ಅವರು, ಮೂರು ತಲೆಮಾರು ವಿಧಾನಸಭೆ ಕಂಡಿತು. ಅವರಿಗೆ ಎದುರಾಗಿ ಹಿಂದೆ ಟಿ. ಕೆ. ಗಂಗಿರೆಡ್ಡಿಯವರು, ಅನಂತರ ಕೆ. ಎಂ. ಕೃಷ್ಣಾರೆಡ್ಡಿಯವರು. ನಾಯಕನಿಗಿಂತ ಪಕ್ಷ ದೊಡ್ಡದಲ್ಲ ಎಂಬುದಕ್ಕೆ ಈಚಿನ ನಿದರ್ಶನವೇ ಇದೆ. 2004 ಮತ್ತು 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಸುಧಾಕರ್ 2013ರಲ್ಲಿ ಆ ಪಕ್ಷದಿಂದ ದೂರವಾಗಿ ಸ್ಪರ್ಧಿಸಿದರು, 2018ರಲ್ಲೂ ಹಾಗೆಯೇ. ಎರಡು ಸಲವೂ ಜನತಾದಳದ ಜೆ. ಕೆ. ಕೃಷ್ಣಾರೆಡ್ಡಿಯವರ ಎದುರು ಸೋತರೂ ಅವರೇ ಎರಡನೆಯ ಸ್ಥಾನದಲ್ಲಿದ್ದರು. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಅವರ ಹಿಂದೆ ಉಳಿದರು. ಅವರು ಮತ್ತೆ ಕಾಂಗ್ರೆಸ್ಸಿಗೆ ಬಂದ ಮೇಲೆ 2023ರಲ್ಲಿ ಆ ಪಕ್ಷವೂ ಚಿಂತಾಮಣಿಗೆ ಮರಳಿತು.

ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು, ಆ ಕಡೆ ಮನೆಮಾತು ಹೆಚ್ಚಾಗಿ ತೆಲುಗು. ಕೈವಾರದ ತಾತಯ್ಯನವರ ತತ್ತ್ವಪದಗಳನ್ನು ಎರಡು ಭಾಷೆಗಳಲ್ಲೂ ಹಾಡುವ ಸೀಮೆ ಅದು. ಚುನಾವಣೆಯ ಕರಪತ್ರ ಕನ್ನಡದಲ್ಲಿರುತ್ತಿತ್ತು. ಮನೆಬಾಗಿಲಿನ ಮತಯಾಚನೆ ತೆಲುಗಿನಲ್ಲಿ ನಡೆಯುತ್ತಿತ್ತು. ಆದರೂ ಭಾಷೆಯ ಹೆಸರಿನಲ್ಲಿ ಇಲ್ಲಿ ಪಕ್ಷ ಬೆಳೆಯಲಿಲ್ಲ. ಆಂಧ್ರದ ಗಡಿ ಕೂಗಳತೆಯಲ್ಲಿದ್ದರೂ ಜನ ಭಾಷೆಯನ್ನು ಜಗಳಕ್ಕೆ ಎಳೆಯಲಿಲ್ಲ. ಇದನ್ನು ನಾನು ನಮ್ಮವರ ದೊಡ್ಡ ಗುಣವೆಂದೇ ಎಣಿಸಿದ್ದೇನೆ.

ಗುಣವನ್ನು ಹೇಳಿದ ಮೇಲೆ ಕಲಂಕವನ್ನು ಮುಚ್ಚಿಡಬಾರದು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದವು. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು; 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಹೋದದ್ದು ನಿಜ, ಆದರೆ ಕೊಂದವರು ಯಾರೂ ಇಲ್ಲವೆಂದಾಯಿತು. ಅರ್ಧ ಶತಮಾನದ ಮತದಾನ, ಮೀಸಲು ಕ್ಷೇತ್ರ, ಭೂಸುಧಾರಣೆ ಎಲ್ಲ ಕಂಡ ನಾಡಿನಲ್ಲಿ ಇದು ನಡೆಯಿತು. ಮತ ಎಲ್ಲರಿಗೂ ಒಂದೇ ಆದರೂ ಮತ ಹಾಕಿ ಮನೆಗೆ ಮರಳಿದ ಮೇಲೆ ಎಲ್ಲರ ಬಾಳು ಒಂದೇ ಅಲ್ಲ ಎಂಬುದನ್ನು ಪಾಠ ಹೇಳುವ ನಾನು ಅಂದು ಪಾಠವಾಗಿ ಕಲಿತೆ.

ಇದಕ್ಕೆ ಹೊಂದಿದ ನನ್ನದೇ ತಪ್ಪೊಂದನ್ನು ಈ ಸಂದರ್ಭದಲ್ಲಿ ಹೇಳಿಕೊಳ್ಳಬೇಕು. ಇದುವರೆಗೆ ಮನೆಯವರಿಗೂ ಹೇಳಿರಲಿಲ್ಲ.

1989ರ ಚುನಾವಣೆ. ಆ ವೇಳೆಗೆ ನಾನು ಶಿಡ್ಲಘಟ್ಟದ ಕಡೆಗೆ ಬಂದಿದ್ದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ವರ್ಷ. ನನ್ನ ಕೈಯಲ್ಲಿ ಓದಿದ ಹುಡುಗರೇ ಸಾಲಿನಲ್ಲಿ ನಿಂತು "ನಮಸ್ಕಾರ ಸಾರ್" ಎನ್ನುತ್ತಿದ್ದರು. ಒಂದು ಹಳ್ಳಿಯ ಮತಗಟ್ಟೆಗೆ ನಾನೇ ಅಧ್ಯಕ್ಷಾಧಿಕಾರಿ. ಹಳ್ಳಿಯ ಹೆಸರು ಬೇಡ. ಮಧ್ಯಾಹ್ನದ ಹೊತ್ತಿಗೆ ಊರಿನ ದೊಡ್ಡ ಮನೆಯ ಯುವಕನೊಬ್ಬ ಮುದುಕಿಯೊಬ್ಬಳನ್ನು ಕರೆತಂದು, "ಅವ್ವನಿಗೆ ಕಣ್ಣು ಕಾಣಲ್ಲ ಸಾರ್, ನಾನೇ ಜೊತೆಗೆ ಹೋಗ್ತೀನಿ" ಎಂದ. ಕಣ್ಣು ಕಾಣದವರಿಗೆ ಸಂಗಾತಿಯನ್ನು ಬಿಡಲು ನಿಯಮವಿದೆ. ಆದರೆ ಒಬ್ಬ ಒಬ್ಬರಿಗೆ ಮಾತ್ರ ಸಂಗಾತಿಯಾಗಬಹುದು. ಅವನು ಎರಡನೆಯವಳನ್ನು ತಂದ, ಮೂರನೆಯವಳನ್ನೂ ತಂದ. ಏಜೆಂಟರಿಬ್ಬರೂ ತಲೆ ತಗ್ಗಿಸಿ ಕುಳಿತಿದ್ದರು. ಆ ರಾತ್ರಿ ನಾವು ಉಂಡದ್ದು ಆ ಮನೆಯಿಂದ ಬಂದ ಊಟ. ನಾನೂ ಸುಮ್ಮನಿದ್ದೆ.

ನಾಲ್ಕನೆಯವಳು ಕೂಲಿ ಮಾಡುವ ಮುದುಕಿ, ದಲಿತ ಕೇರಿಯವಳು. ಬಾಗಿಲಲ್ಲೇ ಅವನ ಕೈ ಬಿಡಿಸಿಕೊಂಡು, "ನಾಕು ಕಣ್ಲು ಕನಬಡ್ತಾಯಿ ಸಾರೂ, ನೇನೇ ಏಸ್ತಾ" ಎಂದಳು. ತನಗೆ ಕಣ್ಣು ಕಾಣುತ್ತದೆ, ತಾನೇ ಹಾಕುತ್ತೇನೆ ಎಂದು. ಕೊಠಡಿ ಸ್ತಬ್ಧವಾಯಿತು. ಆಗ ನನಗೆ ನಾಚಿಕೆಯಾಗಿ, ಯುವಕನನ್ನು ಹೊರಗೆ ಹೋಗಲು ಹೇಳಿದೆ. ಆಕೆ ಒಬ್ಬಳೇ ಮರೆಯ ಹಿಂದೆ ಹೋಗಿ ಮುದ್ರೆ ಒತ್ತಿ, ಕಾಗದವನ್ನು ಜೋಪಾನವಾಗಿ ಮಡಿಸಿ ಪೆಟ್ಟಿಗೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಯಾರಿಗೆ ಹಾಕಿದಳೋ ನನಗೆ ಗೊತ್ತಿಲ್ಲ. ಗೊತ್ತಾಗಬಾರದೆಂಬುದಕ್ಕೇ ಆ ಮರೆ ಇರುವುದು. ಮೊದಲಿನ ಮೂವರು ಮುದುಕಿಯರ ಮತವನ್ನು ಕಳೆದವನು ನಾನು ಎಂಬ ನೋವು ಇಂದಿಗೂ ಇದೆ. ನಿಯಮ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು.

ಶಿಡ್ಲಘಟ್ಟದ ಮತದಾರನ ಸ್ವಭಾವವೇ ಬೇರೆ. ಅದು ರೇಷ್ಮೆಯ ಊರು. ಹಿಪ್ಪುನೇರಳೆ ಬೆಳೆಯುವ, ಹುಳು ಸಾಕುವ ಮನೆಗಳು ಹಳ್ಳಿಗಳಲ್ಲಿ. ಗೂಡು ಬಿಚ್ಚಿ ನೂಲು ತೆಗೆಯುವ ರೀಲರುಗಳು ಪಟ್ಟಣದಲ್ಲಿ, ಅವರಲ್ಲಿ ಬಹುಮಂದಿ ಮುಸಲ್ಮಾನರು. ಬೆಳಿಗ್ಗೆ ಗೂಡು ಮಾರುಕಟ್ಟೆಯಲ್ಲಿ ದರಕ್ಕಾಗಿ ಜಗಳವಾಡಿದರೂ ಸಂಜೆಗೆ ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. ಅಂಥ ಊರಿನಲ್ಲಿ ಮತಧರ್ಮದ ಹೆಸರಿನ ರಾಜಕೀಯಕ್ಕೆ ಸುಲಭವಾಗಿ ಜಾಗ ಸಿಗದಿರಲು ಈ ಕೊಡುಕೊಳೆಯೂ ಒಂದು ಕಾರಣವೆಂದು ನನ್ನ ಎಣಿಕೆ.

ಗೂಡಿನ ವ್ಯವಹಾರ ಬಲ್ಲವನು ದಿನದಿನದ ದರ ನೋಡಿ ತೂಗುವವನು. ಶಾಸಕರನ್ನೂ ಹಾಗೆಯೇ ತೂಗುತ್ತಾನೆ. 2004ರಲ್ಲಿ ಜನತಾದಳದ ಎಸ್. ಮುನಿಶಾಮಪ್ಪ, 2008ರಲ್ಲಿ ಕಾಂಗ್ರೆಸ್ಸಿನ ವಿ. ಮುನಿಯಪ್ಪ, 2013ರಲ್ಲಿ ಜನತಾದಳದ ಎಂ. ರಾಜಣ್ಣ, 2018ರಲ್ಲಿ ಮತ್ತೆ ವಿ. ಮುನಿಯಪ್ಪ, 2023ರಲ್ಲಿ ಜನತಾದಳದ ರವಿಕುಮಾರ್. ಹಗ್ಗಜಗ್ಗಾಟದಂತೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ! ಆದರೆ ಅವನ ಬದುಕನ್ನು ತೂಗುವ ತಕ್ಕಡಿ ಇರುವುದು ಬೇರೆಲ್ಲೋ. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ದರ ಕುಸಿದು ರೈತರು ಬೀದಿಗಿಳಿದರು. ಅದು ದೆಹಲಿಯ ತೀರ್ಮಾನ. ಐದು ವರ್ಷಕ್ಕೊಮ್ಮೆ ಶಾಸಕರನ್ನು ಬದಲಿಸಿದರೆ ಅದು ಬದಲಾಗುವುದಿಲ್ಲ.

ದೆಹಲಿಯ ಮಾತು ಬಂದದ್ದರಿಂದ ಚಿಕ್ಕಬಳ್ಳಾಪುರಕ್ಕೆ ಬರೋಣ. ಲೋಕಸಭೆಗೂ ವಿಧಾನಸಭೆಗೂ ನಮ್ಮವರು ಒಂದೇ ಅಳತೆಗೋಲು ಹಿಡಿದವರಲ್ಲ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1977ರಲ್ಲಿ ದೇಶವೆಲ್ಲ ಇಂದಿರಾ ಗಾಂಧಿಯವರನ್ನು ಸೋಲಿಸಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ದೇವರಾಜ ಅರಸರ ಭೂಸುಧಾರಣೆಯ ಫಲವದು. ಆಗ ಚಿಕ್ಕಬಳ್ಳಾಪುರದಿಂದ ಹೋದವರು, ಸೀಮೆಹಸುಗಳನ್ನು ನಮ್ಮ ಕಡೆಗೆ ತಂದವರೆಂದು ಜನ ನೆನೆಯುವ ಎಂ. ವಿ. ಕೃಷ್ಣಪ್ಪನವರು. ಮುಂದೆ 1996ರಲ್ಲಿ ಜನತಾದಳದಿಂದ ಆರ್. ಎಲ್. ಜಾಲಪ್ಪನವರು ಗೆದ್ದರು, ಅನಂತರ ಕಾಂಗ್ರೆಸ್ಸಿಗೆ ಹೋಗಿ 1998, 1999, 2004ರಲ್ಲೂ ಅವರೇ ಗೆದ್ದರು. ಪಕ್ಷ ಬದಲಾಯಿತು, ಜಾಲಪ್ಪನವರು ಬದಲಾಗಲಿಲ್ಲ. ಒಕ್ಕಲಿಗರು ಬಲವಾಗಿರುವ ಕ್ಷೇತ್ರದಿಂದ ಈಡಿಗ ಸಮುದಾಯದ ಜಾಲಪ್ಪನವರು ನಾಲ್ಕು ಸಲ, ಕರಾವಳಿಯಿಂದ ಬಂದ ದೇವಾಡಿಗ ಸಮುದಾಯದ ವೀರಪ್ಪ ಮೊಯ್ಲಿಯವರು 2009 ಮತ್ತು 2014ರಲ್ಲಿ ಎರಡು ಸಲ ಗೆದ್ದರು. "ನಮ್ಮವರು ಜಾತಿ ನೋಡಿಯೇ ಮತ ಹಾಕುವುದು" ಎಂದು ಕೈ ಕೊಡವುವವರು ಈ ಲೆಕ್ಕವನ್ನೂ ನೋಡಬೇಕು. ಜಾತಿ ಇಲ್ಲವೆಂದು ನಾನು ಹೇಳುವುದಿಲ್ಲ. ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರು ಕೂಡಿ ಕಟ್ಟಿದ ಬಲವೂ ಜಾತಿಯ ಲೆಕ್ಕವೇ. ಆದರೆ ಒಂದೇ ಜಾತಿಯ ಲೆಕ್ಕ ಇಲ್ಲಿ ನಡೆದದ್ದಿಲ್ಲ.

2014ರಲ್ಲಿ ಮೊಯ್ಲಿಯವರು ಹತ್ತು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಉಳಿದುಕೊಂಡರು. ಅಂದು ಮೂರನೆಯ ಸ್ಥಾನಕ್ಕೆ ಸರಿದವರು ಎಚ್. ಡಿ. ಕುಮಾರಸ್ವಾಮಿಯವರು. ಗಾಳಿ ತಿರುಗತೊಡಗಿತ್ತು. 2019ರಲ್ಲಿ ಬಿ. ಎನ್. ಬಚ್ಚೇಗೌಡರು ಬಿಜೆಪಿಯಿಂದ ಗೆದ್ದು, ಈ ಕ್ಷೇತ್ರದಲ್ಲಿ ಆ ಪಕ್ಷದ ಮೊದಲ ಸಂಸದರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಚಿಕ್ಕಬಳ್ಳಾಪುರ ವಿಧಾನಸಭಾ ಕ್ಷೇತ್ರಕ್ಕೆ ಉಪಚುನಾವಣೆ. 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಡಾ. ಕೆ. ಸುಧಾಕರ್ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ನಿಂತು ಮತ್ತೆ ಗೆದ್ದರು. (ಚಿಂತಾಮಣಿಯ ಸುಧಾಕರ್ ಬೇರೆ, ಇವರು ಬೇರೆ. ದೂರದಲ್ಲಿರುವವರು ಗಲಿಬಿಲಿಗೊಳ್ಳಬಾರದೆಂದು ಹೇಳಿದೆ.) 2023ರಲ್ಲಿ ಅವರನ್ನು ಪ್ರದೀಪ್ ಈಶ್ವರ್ ಸೋಲಿಸಿದರು. ಮರುವರ್ಷ, 2024ರಲ್ಲಿ, ಲೋಕಸಭೆಗೆ ನಿಂತ ಅದೇ ಕೆ. ಸುಧಾಕರ್ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಯಲಹಂಕದಿಂದ ನೆಲಮಂಗಲದವರೆಗೆ ಹಬ್ಬಿದ ಕ್ಷೇತ್ರವಾದ್ದರಿಂದ ಗೆಲುವು ನಮ್ಮವರಿಂದ ಮಾತ್ರವೇ ಆದದ್ದಲ್ಲ, ನಿಜ. ಆದರೂ ಬೆಂಗಳೂರಿಗೆ ಕಳುಹಿಸುವಾಗ ಒಂದು ಯೋಚನೆ, ದೆಹಲಿಗೆ ಕಳುಹಿಸುವಾಗ ಇನ್ನೊಂದು ಯೋಚನೆ ಎಂಬುದು ಸುಳ್ಳಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸನ್ನೂ, ಮೂರೇ ತಿಂಗಳಿಗೆ ವಿಧಾನಸಭೆಗೆ ಹೆಗಡೆಯವರ ಜನತಾ ಪಕ್ಷವನ್ನೂ ಆರಿಸಿದ ಕನ್ನಡನಾಡಿನ ಹಳೆಯ ಬುದ್ಧಿಯೇ ಇದು.

ಗೌರಿಬಿದನೂರಿನವರೂ ಇದೇ ಜಾಯಮಾನದವರು. ಎನ್. ಎಚ್. ಶಿವಶಂಕರರೆಡ್ಡಿಯವರನ್ನು 1999ರಲ್ಲಿ ಪಕ್ಷೇತರರಾಗಿ ಗೆಲ್ಲಿಸಿ, ಅವರು ಕಾಂಗ್ರೆಸ್ ಸೇರಿದ ಮೇಲೂ ಸೇರಿಸಿ ಸತತ ಐದು ಬಾರಿ ಕಳುಹಿಸಿದರು. 2023ರಲ್ಲಿ ಅವರನ್ನು ಇಳಿಸಲು ಮತ್ತೊಬ್ಬ ಪಕ್ಷೇತರನೇ ಬೇಕಾಯಿತು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೇಳಬಹುದೆನಿಸುತ್ತದೆ. ನಮ್ಮ ಕಡೆಯವರು ಪಕ್ಷದವರಲ್ಲಪ್ಪ, ಮನುಷ್ಯರ ಕಡೆಯವರು. ಕಷ್ಟಕ್ಕೆ ಬಾಗಿಲು ತೆರೆಯುವವರು ಯಾರು, ಆಸ್ಪತ್ರೆಗೆ ಸೇರಿಸುವವರು ಯಾರು, ತಾಲ್ಲೂಕು ಕಚೇರಿಗೆ ಒಂದು ಮಾತು ಹೇಳುವವರು ಯಾರು ಎಂದು ನೋಡಿ ಮತ ಹಾಕುತ್ತಾರೆ. ಬೇಡವೆನಿಸಿದರೆ ಎಂಥವರನ್ನೂ ಇಳಿಸುತ್ತಾರೆ. ಮತ ಹಾಕುವುದರಲ್ಲಿ ಆಲಸ್ಯವೂ ಇಲ್ಲ. 2023ರಲ್ಲಿ ರಾಜ್ಯದ ಸರಾಸರಿ ಶೇಕಡಾ 73ರ ಆಸುಪಾಸಿನಲ್ಲಿದ್ದಾಗ ನಮ್ಮ ಜಿಲ್ಲೆ 85ನ್ನು ದಾಟಿತ್ತು.

ಆದರೆ ಇದರಿಂದ ನಾವು ಕಳೆದುಕೊಂಡದ್ದೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ನೀರು. ನಂದಿಯ ಸುತ್ತಣ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಒಂದು ಹೊಳೆಯೂ ನಮಗಿಲ್ಲ. ನನ್ನ ಬಾಲ್ಯದಲ್ಲಿ ಬಾವಿಗೆ ಇಳಿದು ಈಜುತ್ತಿದ್ದೆವು. ನಾನು ನಿವೃತ್ತನಾಗುವ ಹೊತ್ತಿಗೆ ಸಾವಿರ ಅಡಿ ಕೊರೆದರೂ ಧೂಳು ಬರುತ್ತಿತ್ತು. ಬಂದ ನೀರಿನಲ್ಲಿ ಫ್ಲೋರೈಡು. ಹಲ್ಲು ಹಳದಿಯಾದ ಮಕ್ಕಳನ್ನು ತರಗತಿಯಲ್ಲಿ ದಿನವೂ ನೋಡುತ್ತಿದ್ದೆ. ಶಾಶ್ವತ ನೀರಾವರಿ ಎಂಬ ಮಾತನ್ನು ಎಲ್ಲ ಪಕ್ಷದವರೂ ಎಲ್ಲ ಚುನಾವಣೆಗಳಲ್ಲೂ ಆಡಿದ್ದಾರೆ. ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ ಎಂಟು ಸಾವಿರ ಕೋಟಿಯ ಆಸುಪಾಸಿನಿಂದ ಇಪ್ಪತ್ತಮೂರು ಸಾವಿರ ಕೋಟಿಗೆ ಏರಿತು. 2016ರ ಮಾರ್ಚಿನಲ್ಲಿ ಎರಡೂ ಜಿಲ್ಲೆಗಳ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನತ್ತ ಹೊರಟರು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆಲವು ಕೆರೆಗಳಿಗೆ ಬಂತು; ಅದನ್ನು ಇನ್ನೂ ಒಂದು ಹಂತ ಶುದ್ಧೀಕರಿಸಿ ಕೊಡಿ ಎಂಬ ಬೇಡಿಕೆ ಉಳಿಯಿತು. ಎತ್ತಿನಹೊಳೆಯ ಮೊದಲ ಹಂತಕ್ಕೆ ಸಕಲೇಶಪುರದ ಬಳಿ ಚಾಲನೆ ದೊರೆತದ್ದು 2024ರ ಸೆಪ್ಟೆಂಬರಿನಲ್ಲಿ.

ಮನುಷ್ಯರ ಕಡೆ ನಿಂತವರಿಗೆ ಮನುಷ್ಯ ಕೊಡಬಲ್ಲಷ್ಟು ಸಿಗುತ್ತದೆ: ಒಂದು ಶಿಫಾರಸು, ಒಂದು ರಸ್ತೆ, ಒಂದು ಕೊಳವೆಬಾವಿ. ನದಿ ತರುವುದಕ್ಕೆ ನಾಲ್ಕು ತಾಲ್ಲೂಕುಗಳು ಒಟ್ಟಾಗಿ ಒಂದೇ ಪ್ರಶ್ನೆ ಕೇಳಬೇಕು. ನಮ್ಮ ಜಿಲ್ಲೆಯೇ ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದೆ; ಚಿಂತಾಮಣಿ, ಶಿಡ್ಲಘಟ್ಟ ಕೋಲಾರಕ್ಕೆ, ಉಳಿದವು ಚಿಕ್ಕಬಳ್ಳಾಪುರಕ್ಕೆ. ಅದರೊಳಗೆ ಮತ್ತೆ ಹಳ್ಳಿಹಳ್ಳಿಗೂ ಎರಡೆರಡು ಪಾರ್ಟಿ. ಒಡೆದ ಕಟ್ಟೆಯಲ್ಲಿ ನೀರು ನಿಲ್ಲುವುದುಂಟೇ?

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಕಾಗದದ ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸುವ ಅವಕಾಶವಿತ್ತು. ಯಂತ್ರ ಬಂದ ಮೇಲೆ ಒಂದೊಂದು ಬೂತಿನ ಲೆಕ್ಕವೂ ಬೇರೆ ಬೇರೆಯಾಗಿ ತಿಳಿಯುತ್ತದೆ. ಈ ಕೇರಿಯವರು ನಮಗೆ ಹಾಕಲಿಲ್ಲ, ಆ ಊರಿನವರು ಕೈಕೊಟ್ಟರು ಎಂದು ನಾಯಕರು ಮರುದಿನವೇ ಲೆಕ್ಕ ಹಾಕುತ್ತಾರೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಎಣಿಸುವ ಉಪಾಯವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಆದರೂ ಅದು ಜಾರಿಗೆ ಬರಲಿಲ್ಲ. ಇದನ್ನು ಓದಿದಾಗಲೆಲ್ಲ ಆ ಮುದುಕಿಯ ನೆನಪಾಗುತ್ತದೆ. ಆಕೆ ಕೈ ಬಿಡಿಸಿಕೊಂಡು ಒಳಗೆ ಹೋದದ್ದು ಮರೆಯನ್ನು ನಂಬಿ. ಆ ಮರೆ ತೆಳ್ಳಗಾಗಬಾರದು.

ಕಳೆದ ಬಾರಿ ಊರಿಗೆ ಹೋದಾಗ ವಿದುರಾಶ್ವತ್ಥಕ್ಕೂ ಹೋಗಿದ್ದೆ. ವಿದುರ ನೆಟ್ಟನೆಂದು ಹಿರಿಯರು ಹೇಳುತ್ತಿದ್ದ ಆ ಅಶ್ವತ್ಥವೃಕ್ಷ 2001ರಲ್ಲಿ ಬಿದ್ದುಹೋಯಿತು. ಹುತಾತ್ಮರ ಸ್ಮಾರಕ ನಿಂತಿದೆ. ಅದರ ಮುಂದೆ ನಿಂತು, ಗಾಡಿ ಬಿಟ್ಟು ಎತ್ತು ಹೊಡೆದುಕೊಂಡು ಬಂದ ತಾತನನ್ನೂ ಎತ್ತಿನ ಪೆಟ್ಟಿಗೆಗೆ ಕೈ ಮುಗಿದ ಅಜ್ಜಿಯನ್ನೂ ನೆನೆದೆ.

ದೂರದಲ್ಲಿರುವ ಮಕ್ಕಳೇ, ನಿಮ್ಮಲ್ಲಿ ಹಲವರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿದೆ. ಮುಂದಿನ ಸಲ ಬನ್ನಿ. ಯಾರಿಗೆ ಹಾಕಿದಿರಿ ಎಂದು ನಾನು ಕೇಳುವುದಿಲ್ಲ. ಹಾಕುವ ಮೊದಲು ನೀರು ಎಲ್ಲಿಗೆ ಬಂತು ಎಂದು ಒಂದು ಮಾತು ಕೇಳಿ ಹಾಕಿ. ನಿಮ್ಮ ಪಕ್ಕದ ಮನೆಯವನೂ ಪಕ್ಕದ ತಾಲ್ಲೂಕಿನವನೂ ಅದನ್ನೇ ಕೇಳುವಂತೆ ಮಾಡಿ. ಮೇಷ್ಟರ ಕೊನೆಯ ಹೋಂವರ್ಕ್ ಎಂದು ತಿಳಿಯಿರಿ.